ಮಗುವಿನ ನಡವಳಿಕೆಯ ತೊಂದರೆ: ಚಿಕಿತ್ಸೆ ಯಾರಿಗೆ, ಯಾರಿಂದ, ಎಲ್ಲಿ?

ಮಕ್ಕಳ ಹಠ, ಸಿಟ್ಟು, ತುಂಟತನಗಳ ಮಾತು ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ‘ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತಾನೆ’ ಎಂಬುದು ಒಂದು. ‘ನಾಲ್ಕು ಬಿಗಿದರೆ ದಾರಿಗೆ ಬರುತ್ತಾನೆ’ ಎಂಬುದು ಇನ್ನೊಂದು. ಮೊದಲನೆಯ ಮಾತು ಬಹುಪಾಲು ಮಕ್ಕಳ ಮಟ್ಟಿಗೆ ನಿಜವೇ ಆಗಿದೆ. ಮೂರು ವರ್ಷದ ಕೂಸು ಜಾತ್ರೆಯ ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ರೋಗವಲ್ಲ, ವಯಸ್ಸು. ಎರಡನೆಯ ಮಾತು ಯಾವ ಮಗುವಿನ ಮಟ್ಟಿಗೂ ನಿಜವಲ್ಲ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ವರ್ಷಗಟ್ಟಲೆ ನರಳುವ ಮಕ್ಕಳಿದ್ದಾರೆ. ಅವರೊಡನೆ ನರಳುವ ಕುಟುಂಬಗಳೂ ಇವೆ. ಇಂತಹ ತೊಂದರೆಗೆ ಚಿಕಿತ್ಸೆಯುಂಟು, ಅದು ನಮ್ಮ ನಾಡಿನಲ್ಲಿಯೇ, ಅನೇಕ ವೇಳೆ ನಮ್ಮ ಜಿಲ್ಲಾ ಕೇಂದ್ರದಲ್ಲಿಯೇ ದೊರೆಯುತ್ತದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಆ ಚಿಕಿತ್ಸೆ ನಾವು ಊಹಿಸುವ ರೀತಿಯದಲ್ಲ ಎಂಬುದನ್ನೂ ಹೇಳಬೇಕಾಗಿದೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿಕೊಟ್ಟ ಈ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳ ಪೈಕಿ ಶೇಕಡಾ 7.3ರಷ್ಟು ಮಂದಿಯಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತು. ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಸರಿಸುಮಾರು ಮೂವರು ಎಂದಾಯಿತು. ಹೀಗಿರುವಾಗ ‘ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ’ ಎಂದು ಯಾವ ಮನೆಯವರೂ ನಾಚಿಕೊಳ್ಳಬೇಕಾದ ಕಾರಣವಿಲ್ಲ.

ತುಂಟತನ ಯಾವುದು, ತೊಂದರೆ ಯಾವುದು

ಇದನ್ನು ಅಳೆಯಲು ವೈದ್ಯರು ಬಳಸುವ ಒರೆಗಲ್ಲುಗಳನ್ನು ಪಾಲಕರೂ ಬಳಸಬಹುದು. ಆ ನಡವಳಿಕೆ ಎಷ್ಟು ಕಾಲದಿಂದ ಇದೆ? ಪರೀಕ್ಷೆಯ ಸಮಯದಲ್ಲಿ, ತಂಗಿ ಹುಟ್ಟಿದ ಹೊಸದರಲ್ಲಿ, ಊರು ಬದಲಾದಾಗ ಕೆಲವು ವಾರ ಕಾಣಿಸಿಕೊಳ್ಳುವ ರಂಪ ಬೇರೆ. ಆರು ತಿಂಗಳಿನಿಂದ ಬಿಡದೆ ನಡೆದಿರುವುದು ಬೇರೆ. ಎಷ್ಟು ಕಡೆ ಇದೆ? ಮನೆಯಲ್ಲಿ ಮಾತ್ರವೇ, ಶಾಲೆಯಲ್ಲಿಯೂ ಇದೆಯೇ, ನೆರೆಹೊರೆಯವರೂ ದೂರು ತರುತ್ತಿದ್ದಾರೆಯೇ? ಅದರಿಂದ ಆಗುತ್ತಿರುವ ನಷ್ಟವೇನು? ಓದು ಹಿಂದೆ ಬಿದ್ದಿದೆಯೇ, ಗೆಳೆಯರು ದೂರವಾಗಿದ್ದಾರೆಯೇ, ನಿದ್ರೆ ಕೆಟ್ಟಿದೆಯೇ, ಮನೆಯವರೆಲ್ಲ ಆ ಮಗುವಿನ ಸಿಟ್ಟಿಗೆ ಹೆದರಿ ನಡೆದುಕೊಳ್ಳುವ ಸ್ಥಿತಿ ಬಂದಿದೆಯೇ? ಉತ್ತರಗಳು ಭಾರವಾಗಿದ್ದರೆ ಇನ್ನೊಂದು ವರ್ಷ ಕಾದು ನೋಡುವುದು ಜಾಣತನವಲ್ಲ.

ಕೆಲವು ಲಕ್ಷಣಗಳಿಗೆ ಯಾವ ಅಳತೆಯೂ ಬೇಡ. ‘ಸಾಯಬೇಕು ಅನಿಸುತ್ತದೆ’ ಎಂದು ಮಗು ಒಮ್ಮೆ ಅಂದರೂ ಸಾಕು, ಕೈ ಕೊಯ್ದುಕೊಂಡ ಗುರುತು ಕಂಡರೂ ಸಾಕು, ಆ ದಿನವೇ ವೈದ್ಯರನ್ನು ಕಾಣಬೇಕು. ಮನೆ ಬಿಟ್ಟು ಓಡಿಹೋಗುವುದು, ಬೆಂಕಿ ಹಚ್ಚುವುದು, ಮೂಕಪ್ರಾಣಿಗಳಿಗೆ ಬೇಕೆಂದೇ ನೋವುಂಟುಮಾಡುವುದು ಸಹ ಇದೇ ಗುಂಪಿಗೆ ಸೇರುತ್ತವೆ. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಳಿಗೆ ಹೋಗಲು ಹೆದರಿದರೆ, ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮರಳಿ ಬಂದರೆ, ಆ ಮಗುವಿಗೆ ಯಾರಿಂದಲೋ ಆಘಾತವಾಗಿರಬಹುದೆಂಬ ಸಂಶಯವನ್ನು ಪಾಲಕರು ತಳ್ಳಿಹಾಕಬಾರದು. ಮಕ್ಕಳ ಸಹಾಯವಾಣಿ 1098 ಇರುವುದು ಇಂತಹ ಸಂದರ್ಭಗಳಿಗಾಗಿಯೇ.

ನಡವಳಿಕೆಯ ಹಿಂದೆ ಅಡಗಿರುವುದು

ನಡವಳಿಕೆ ಎಂಬುದು ಜ್ವರವಿದ್ದಂತೆ. ಮೈ ಬಿಸಿಯಾಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಕರೆದರೆ ಓಗೊಡದ ಮಗುವನ್ನು ‘ಸೊಕ್ಕಿನವನು’ ಎಂದು ಬಯ್ಯುವ ಮುನ್ನ ಅವನಿಗೆ ಎರಡೂ ಕಿವಿ ಸರಿಯಾಗಿ ಕೇಳಿಸುತ್ತವೆಯೇ ಎಂದು ಪರೀಕ್ಷಿಸಿದವರು ಎಷ್ಟು ಮಂದಿ? ಪದೇ ಪದೇ ನೆಗಡಿಯಾಗಿ ಕಿವಿ ಸೋರುವ ಮಕ್ಕಳಲ್ಲಿ ಶ್ರವಣದೋಷ ಅಪರೂಪವಲ್ಲ. ಹಲಗೆಯ ಮೇಲಿನ ಅಕ್ಷರ ಕಾಣದ ಮಗು ಪಕ್ಕದವನೊಡನೆ ಮಾತಿಗಿಳಿಯುತ್ತದೆ. ರಾತ್ರಿಯಿಡೀ ಗೊರಕೆ ಹೊಡೆಯುತ್ತ ಸರಿಯಾಗಿ ನಿದ್ರಿಸದ ಮಗು ಹಗಲಿನಲ್ಲಿ ಮಂಕಾಗುವ ಬದಲು ಚಡಪಡಿಸುತ್ತದೆ. ಪಾಠದ ನಡುವೆ ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ಕುಳಿತುಬಿಡುವ ಹುಡುಗಿಗೆ ಬರುತ್ತಿರುವುದು ಹಗಲುಗನಸಲ್ಲ, ಮೂರ್ಛೆರೋಗದ ಒಂದು ಸೌಮ್ಯ ರೂಪವೂ ಆಗಿರಬಹುದು. ಆದ್ದರಿಂದ ಮೊದಲ ಭೇಟಿ ಮಕ್ಕಳ ವೈದ್ಯರಲ್ಲಿಯೇ ಆಗುವುದು ಒಳ್ಳೆಯದು.

ಇವುಗಳಲ್ಲೆಲ್ಲ ನಾವು ಹೆಚ್ಚು ಅನ್ಯಾಯ ಮಾಡುತ್ತಿರುವುದು ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ. ಬುದ್ಧಿ ಚುರುಕಾಗಿಯೇ ಇರುತ್ತದೆ. ಕೇಳಿದ ಕಥೆಯನ್ನು ಸೊಗಸಾಗಿ ಮರಳಿ ಹೇಳುತ್ತಾನೆ. ಹೊಲದ ಕೆಲಸ, ಯಂತ್ರದ ಕೆಲಸ ಒಮ್ಮೆ ತೋರಿಸಿದರೆ ಸಾಕು. ಆದರೆ ಒತ್ತಕ್ಷರ ಬಂದ ಕೂಡಲೇ ನಾಲಗೆ ತಡವರಿಸುತ್ತದೆ, ಬರೆದದ್ದು ಅವನಿಗೇ ಅರ್ಥವಾಗುವುದಿಲ್ಲ. ಮೂರನೆಯ ತರಗತಿಯವರೆಗೆ ಹೇಗೋ ಬಾಯಿಪಾಠದಿಂದ ಸಾಗುತ್ತದೆ. ನಾಲ್ಕರಲ್ಲಿ, ಐದರಲ್ಲಿ ಗುಟ್ಟು ಬಯಲಾಗುವ ಹೊತ್ತಿಗೆ ಆ ಹುಡುಗ ಒಂದು ಉಪಾಯ ಕಂಡುಕೊಂಡಿರುತ್ತಾನೆ. ಓದಲು ಎದ್ದು ನಿಲ್ಲಿಸಿದರೆ ಕೋಡಂಗಿಯಂತೆ ಆಡಿ ತರಗತಿಯನ್ನು ನಗಿಸುವುದು, ಇಲ್ಲವೇ ಜಗಳ ತೆಗೆದು ಹೊರಗೆ ನಿಲ್ಲುವುದು. ‘ದಡ್ಡ’ ಎನ್ನಿಸಿಕೊಳ್ಳುವುದಕ್ಕಿಂತ ‘ಕೆಟ್ಟವನು’ ಎನ್ನಿಸಿಕೊಳ್ಳುವುದು ಅವನಿಗೆ ಮೇಲೆಂದು ತೋರುತ್ತದೆ. ಇಂಥವನಿಗೆ ಎಷ್ಟು ಬುದ್ಧಿವಾದ ಹೇಳಿದರೂ ಪ್ರಯೋಜನವಾಗದು. ಅವನಿಗೆ ಬೇಕಾಗಿರುವುದು ಓದುವುದನ್ನು ಬೇರೆಯ ಕ್ರಮದಲ್ಲಿ ಕಲಿಸುವ ವಿಶೇಷ ಶಿಕ್ಷಕರು. ಕಲಿಕಾ ನ್ಯೂನತೆ ಮತ್ತು ಆಟಿಸಂ ಎರಡನ್ನೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ತನ್ನ 21 ಬಗೆಗಳಲ್ಲಿ ಸೇರಿಸಿದೆ. ಪ್ರಮಾಣಪತ್ರ ಪಡೆದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಅನುಕೂಲಗಳು ದೊರೆಯುತ್ತವೆ. ‘ಸರ್ಟಿಫಿಕೇಟ್ ಮಾಡಿಸಿದರೆ ಹಣೆಪಟ್ಟಿ ಅಂಟುತ್ತದೆ’ ಎಂದು ಹಿಂಜರಿಯುವ ಪಾಲಕರು, ‘ದಡ್ಡ’ ಎಂಬ ಹಣೆಪಟ್ಟಿ ಆಗಲೇ ಅಂಟಿಯಾಗಿದೆ ಎಂಬುದನ್ನು ಮರೆಯುತ್ತಾರೆ.

ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ವೈದ್ಯರು ಎಡಿಎಚ್‌ಡಿ ಎಂದು ಕರೆಯುವುದು, ಇನ್ನೊಂದು ದೊಡ್ಡ ಕಾರಣ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು; ತಾಯಿ ಮುದ್ದು ಮಾಡಿದ್ದರಿಂದ ಬಂದದ್ದಲ್ಲ. ಖಿನ್ನತೆಯೂ ಮಕ್ಕಳಲ್ಲಿ ಅಳುವಾಗಿಯೇ ಕಾಣಿಸಬೇಕೆಂದಿಲ್ಲ, ಅನೇಕ ವೇಳೆ ಅದು ಸಿಡುಕಾಗಿ ಕಾಣಿಸಿಕೊಳ್ಳುತ್ತದೆ.

ಕಾರಣವು ಮಗುವಿನ ಹೊರಗೂ ಇರಬಹುದು. ರಾತ್ರಿ ಕುಡಿದು ಬರುವ ತಂದೆ, ಹೆರಿಗೆಯ ನಂತರ ಖಿನ್ನತೆಗೆ ಒಳಗಾಗಿ ಯಾರಿಗೂ ಹೇಳಿಕೊಳ್ಳದ ತಾಯಿ, ಆಸ್ತಿಯ ವ್ಯಾಜ್ಯದಲ್ಲಿ ಮಾತು ಬಿಟ್ಟಿರುವ ಅಣ್ಣತಮ್ಮಂದಿರು. ಇಂತಹ ಮನೆಗಳಲ್ಲಿ ಆಸ್ಪತ್ರೆಗೆ ಬರುವುದು ಮಗುವಾದರೂ ಚಿಕಿತ್ಸೆ ಬೇಕಾಗಿರುವುದು ಬೇರೆಯವರಿಗೆ. ಮಕ್ಕಳ ಮನೋವೈದ್ಯರು ಮನೆಯ ಇತರರ ಆರೋಗ್ಯವನ್ನು ವಿಚಾರಿಸಿದರೆ ‘ಹುಡುಗನನ್ನು ತೋರಿಸಲು ಬಂದರೆ ನಮ್ಮ ಮನೆಯ ವಿಷಯ ಕೇಳುತ್ತಾರೆ’ ಎಂದು ಅಸಮಾಧಾನಪಡುವುದು ಸಲ್ಲದು. ಕೇಳದಿದ್ದರೆ ಅವರು ತಮ್ಮ ಕರ್ತವ್ಯದಲ್ಲಿ ತಪ್ಪಿದಂತೆ.

ಮನೆಯೊಳಗಿನ ಸುಳಿ

ಕಾರಣ ಯಾವುದೇ ಇರಲಿ, ಕಾಲಕ್ರಮೇಣ ಅದರ ಮೇಲೆ ಇನ್ನೊಂದು ಪದರ ಬೆಳೆಯುತ್ತದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಕುಟುಂಬಗಳ ದಿನಚರಿಯನ್ನು ಅವರ ಮನೆಗಳಲ್ಲಿಯೇ ಗಮನಿಸಿ, ದಾಖಲಿಸಿ ಇದನ್ನು ವಿವರಿಸಿದರು. ಅವರು ಕಂಡದ್ದು ಒರೆಗಾನಿನ ಮನೆಗಳನ್ನಾದರೂ ಚಿತ್ರ ನಮ್ಮ ಪಡಸಾಲೆಯದೇ ಎನ್ನಿಸುತ್ತದೆ.

ಒಂದು ಕೂಡುಕುಟುಂಬದ ಸಂಜೆಯನ್ನು ಊಹಿಸೋಣ. ಎಂಟು ವರ್ಷದ ಹುಡುಗನ ಕೈಯಲ್ಲಿ ಮೊಬೈಲ್ ಇದೆ. ಅಡುಗೆಮನೆಯಿಂದಲೇ ತಾಯಿ ‘ಇಟ್ಟು ಊಟಕ್ಕೆ ಬಾ’ ಎನ್ನುತ್ತಾಳೆ. ಅವನು ಕೇಳಿಸಿಕೊಳ್ಳುವುದಿಲ್ಲ. ಎರಡನೆಯ ಬಾರಿ, ಐದನೆಯ ಬಾರಿ ಕೂಗಿದ ಮೇಲೆ ಅವಳು ಬಂದು ಕಸಿದುಕೊಳ್ಳುತ್ತಾಳೆ. ಅವನು ಕಿರುಚಿ, ತಟ್ಟೆ ಎಸೆಯುತ್ತಾನೆ. ‘ಕೂಸು ಊಟ ಬಿಟ್ಟೀತು, ಕೊಡವ್ವ ಅತ್ಲಾಗೆ’ ಎನ್ನುತ್ತಾರೆ ಅಜ್ಜಿ. ಮೊಬೈಲ್ ಮರಳಿ ಅವನ ಕೈ ಸೇರುತ್ತದೆ, ಮನೆ ಶಾಂತವಾಗುತ್ತದೆ. ಈ ಹತ್ತು ನಿಮಿಷಗಳಲ್ಲಿ ಎಲ್ಲರೂ ಒಂದೊಂದು ಪಾಠ ಕಲಿತರು. ಕಿರುಚಿದರೆ ಬೇಕಾದದ್ದು ಸಿಗುತ್ತದೆ ಎಂಬುದನ್ನು ಹುಡುಗ ಕಲಿತ. ಕೊಟ್ಟುಬಿಟ್ಟರೆ ರಂಪ ನಿಲ್ಲುತ್ತದೆ ಎಂಬುದನ್ನು ಹಿರಿಯರು ಕಲಿತರು. ಮರುದಿನ ತಂದೆ ಮನೆಯಲ್ಲಿದ್ದು ಎರಡೇಟು ಹೊಡೆದರೆ ಹುಡುಗ ತಕ್ಷಣ ಸುಮ್ಮನಾಗುತ್ತಾನೆ. ಹೊಡೆತದಿಂದ ಕೆಲಸ ಆಗುತ್ತದೆ ಎಂಬುದನ್ನು ತಂದೆ ಕಲಿಯುತ್ತಾರೆ. ದೊಡ್ಡವನು ಸಣ್ಣವನನ್ನು ಹೊಡೆದು ಕೆಲಸ ಸಾಧಿಸಬಹುದು ಎಂಬುದನ್ನು ಹುಡುಗ ಮತ್ತೆ ಕಲಿತು, ಅದನ್ನು ತಂಗಿಯ ಮೇಲೆ ಪ್ರಯೋಗಿಸುತ್ತಾನೆ. ದಿನದಿನಕ್ಕೆ ಕಿರುಚಾಟವೂ ಹೊಡೆತವೂ ಒಂದಂಗುಲ ಏರುತ್ತವೆ. ಇಲ್ಲಿ ಯಾರೂ ದುಷ್ಟರಲ್ಲ. ಆ ಕ್ಷಣದ ನೆಮ್ಮದಿಗಾಗಿ ಪ್ರತಿಯೊಬ್ಬರೂ ಮಾಡುವುದು ಸಹಜವಾದದ್ದನ್ನೇ. ಆದರೂ ಎಲ್ಲರೂ ಸೇರಿ ಒಂದೇ ಸುಳಿಗೆ ಬಿದ್ದಿರುತ್ತಾರೆ.

ಈ ಸುಳಿಯಿಂದ ಹೊರತರುವುದೇ ನಡವಳಿಕೆಯ ಚಿಕಿತ್ಸೆಯ ತಿರುಳು. ಹಾಗಾಗಿ ಹನ್ನೆರಡು ವರ್ಷದೊಳಗಿನ ಮಕ್ಕಳ ಹಠ, ಸಿಟ್ಟು, ಅವಿಧೇಯತೆಗಳಿಗೆ ಹೆಚ್ಚು ಪುರಾವೆಯುಳ್ಳ ಚಿಕಿತ್ಸೆ ಎಂದರೆ ಪಾಲಕರ ತರಬೇತಿ. ಮಗುವನ್ನು ಕೋಣೆಯೊಳಗೆ ಬಿಟ್ಟು, ಹೊರಗೆ ಕುಳಿತು, ಒಂದು ತಾಸಿನ ನಂತರ ಸರಿಯಾದ ಮಗುವನ್ನು ಕರೆದೊಯ್ಯುವ ಕ್ರಮ ಇಲ್ಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಗೂ ಇದಕ್ಕೂ ಇರುವ ಈ ವ್ಯತ್ಯಾಸ ತಿಳಿಯದೆ ಎರಡನೆಯ ಭೇಟಿಗೇ ‘ಮಗನಿಗೆ ಏನೂ ಮಾಡಲಿಲ್ಲ, ನಮಗೇ ಉಪದೇಶ ಮಾಡಿದರು’ ಎಂದು ನಿಲ್ಲಿಸಿಬಿಡುವವರು ಬಹಳ.

ತರಬೇತಿಯಲ್ಲಿ ಕಲಿಸುವ ಸಂಗತಿಗಳು ಕೇಳಲು ಸರಳ, ಮಾಡಲು ಕಷ್ಟ. ದಿನಕ್ಕೆ ಹದಿನೈದು ನಿಮಿಷ ತಂದೆಯೋ ತಾಯಿಯೋ ಮಗುವಿನೊಡನೆ, ಅದು ಆರಿಸಿದ ಆಟವನ್ನು, ಬುದ್ಧಿ ಹೇಳದೆ ಪ್ರಶ್ನೆ ಕೇಳದೆ ಆಡಬೇಕು. ಸದಾ ಬೈಗುಳದ ಸಂಬಂಧವೇ ಉಳಿದಿರುವ ಮನೆಯಲ್ಲಿ ಇದೊಂದೇ ಎಷ್ಟೋ ಗಂಟುಗಳನ್ನು ಸಡಿಲಿಸುತ್ತದೆ. ಮೆಚ್ಚುಗೆಯನ್ನು ಹೆಸರಿಟ್ಟು ಹೇಳಬೇಕು. ‘ಜಾಣ’ ಎಂದರೆ ಮಗುವಿಗೆ ಏನೂ ತಿಳಿಯದು. ‘ಒಂದೇ ಸಲ ಕರೆದದ್ದಕ್ಕೆ ಬಂದೆ, ಬಹಳ ಸಂತೋಷವಾಯಿತು’ ಎಂದರೆ ಏನನ್ನು ಮತ್ತೆ ಮಾಡಬೇಕೆಂದು ತಿಳಿಯುತ್ತದೆ. ಆಜ್ಞೆಯನ್ನು ಅಡುಗೆಮನೆಯಿಂದ ಕೂಗಿ ಹೇಳದೆ ಹತ್ತಿರ ಹೋಗಿ, ಮುಖ ನೋಡಿ, ಒಂದೇ ವಾಕ್ಯದಲ್ಲಿ ಹೇಳಿ, ಅದು ನಡೆಯುವವರೆಗೆ ಅಲ್ಲಿಯೇ ನಿಲ್ಲಬೇಕು. ಶಿಕ್ಷೆ ಚಿಕ್ಕದಾಗಿರಬೇಕು, ತಕ್ಷಣದ್ದಾಗಿರಬೇಕು, ತಪ್ಪದೆ ಆಗಬೇಕು. ‘ಇನ್ನು ಒಂದು ತಿಂಗಳು ಟಿವಿ ಇಲ್ಲ’ ಎಂದು ಗುಡುಗಿ ಮರುದಿನವೇ ಹಾಕಿಕೊಡುವುದಕ್ಕಿಂತ ‘ಇವತ್ತು ಇಪ್ಪತ್ತು ನಿಮಿಷ ಕಡಿಮೆ’ ಎಂದು ಹೇಳಿ ಅಷ್ಟನ್ನೇ ನಡೆಸುವುದು ಮೇಲು.

ಅಪಾಯವಿಲ್ಲದ ಸಣ್ಣಪುಟ್ಟ ರಂಪವನ್ನು ಗಮನಿಸದೆ ಬಿಡುವುದು ಇನ್ನೊಂದು ಕ್ರಮ. ಹೆಚ್ಚಿನ ಕುಟುಂಬಗಳು ಸೋಲುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರಿಸಬೇಕಾಗಿದೆ. ಇದುವರೆಗೆ ಹತ್ತು ನಿಮಿಷ ಅತ್ತರೆ ಸಿಗುತ್ತಿದ್ದದ್ದು ಈಗ ಸಿಗುವುದಿಲ್ಲವೆಂದಾಗ ಮಗು ಇಪ್ಪತ್ತು ನಿಮಿಷ ಅಳುತ್ತದೆ, ಇನ್ನೂ ಜೋರಾಗಿ ಅಳುತ್ತದೆ. ಮೊದಲ ಕೆಲವು ದಿನ ನಡವಳಿಕೆ ಸುಧಾರಿಸುವ ಬದಲು ಕೆಡುತ್ತದೆ. ವೈದ್ಯರು ಹೇಳಿದ್ದು ತಪ್ಪು ಎಂದುಕೊಂಡು ಆರನೆಯ ದಿನ ಅಜ್ಜ ಕರಗಿದರೆ, ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ ಎಂಬ ಹೊಸ ಪಾಠವನ್ನು ಮಗು ಕಲಿಯುತ್ತದೆ. ಇದಕ್ಕಿಂತ ಆರಂಭಿಸದಿರುವುದೇ ಲೇಸು. ಆದ್ದರಿಂದ ಮೊದಲು ಮನೆಯ ಹಿರಿಯರೆಲ್ಲರನ್ನೂ ಒಪ್ಪಿಸಬೇಕು. ಅಜ್ಜಿಯ ಕರುಣೆಯನ್ನು ದೂರುವುದಕ್ಕಿಂತ ಅವರನ್ನೂ ಒಂದು ಬಾರಿ ಚಿಕಿತ್ಸಕರ ಬಳಿಗೆ ಕರೆದೊಯ್ಯುವುದು ಉತ್ತಮ. ಕಾರಣ ತಿಳಿದರೆ ಮನೆಯಲ್ಲಿ ಅವರಷ್ಟು ಗಟ್ಟಿಯಾಗಿ ನಿಯಮ ಪಾಲಿಸುವವರು ಬೇರೆ ಇರುವುದಿಲ್ಲ. ಮಗು ಹೆದರಿ ಅಳುತ್ತಿದ್ದರೆ, ಅಥವಾ ಆಟಿಸಂ ಇರುವ ಮಗು ಗದ್ದಲ ತಾಳಲಾರದೆ ಒದ್ದಾಡುತ್ತಿದ್ದರೆ ಈ ಕ್ರಮ ಸಲ್ಲುವುದಿಲ್ಲ. ಯಾವುದು ಹಠ, ಯಾವುದು ಸಂಕಟ ಎಂಬುದನ್ನು ಗುರುತಿಸಲು ತಜ್ಞರು ಬೇಕಾಗುವುದು ಇದಕ್ಕಾಗಿಯೇ.

ಸಾಮಾನ್ಯವಾಗಿ ಇಂತಹ ತರಬೇತಿ ವಾರಕ್ಕೊಂದು ಭೇಟಿಯಂತೆ ಎರಡು ಮೂರು ತಿಂಗಳು ನಡೆಯುತ್ತದೆ. ಹದಿಹರೆಯದವರ ವಿಷಯ ಬೇರೆ. ಅವರೊಡನೆ ಚಿಕಿತ್ಸಕರು ಪ್ರತ್ಯೇಕವಾಗಿ ಮಾತನಾಡಬೇಕಾಗುತ್ತದೆ, ಆ ಮಾತಿನ ಗುಟ್ಟನ್ನು ಪ್ರಾಣಾಪಾಯದ ಸಂದರ್ಭದ ಹೊರತು ಕಾಪಾಡಬೇಕಾಗುತ್ತದೆ. ‘ಏನು ಹೇಳಿದ?’ ಎಂದು ಪಾಲಕರು ಒತ್ತಾಯಿಸಬಾರದು.

ತಂದೆಯವರ ಬಗ್ಗೆ ಒಂದು ಮಾತು. ಆಸ್ಪತ್ರೆಯ ಹೊರರೋಗಿ ವಿಭಾಗಗಳಲ್ಲಿ ಮಗುವಿನೊಡನೆ ಕಾಣುವುದು ಹೆಚ್ಚಾಗಿ ತಾಯಿ ಒಬ್ಬಳೇ. ಎಲ್ಲರಿಂದಲೂ ‘ನೀನೇ ಕೆಡಿಸಿದೆ’ ಎನ್ನಿಸಿಕೊಂಡವಳೂ ಅವಳೇ. ಅಂಗಡಿಯ ವ್ಯವಹಾರ, ಹೊಲದ ಕೆಲಸ, ಕಚೇರಿಯ ರಜೆ ಯಾವುದೇ ಅಡ್ಡಿಯಿದ್ದರೂ ಮೊದಲ ಎರಡು ಮೂರು ಭೇಟಿಗಳಿಗೆ ತಂದೆ ಹೋಗಲೇಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಯಾರ ಬಳಿ ಹೋಗಬೇಕು

ಫಲಕಗಳನ್ನು ಓದುವುದರಲ್ಲಿ ಎಚ್ಚರ ಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆದವರು. ಔಷಧ ಬರೆಯುವ ಅಧಿಕಾರ ಅವರದು. ಕ್ಲಿನಿಕಲ್ ಸೈಕಾಲಜಿಸ್ಟರು ಬುದ್ಧಿಮಟ್ಟ, ಕಲಿಕಾ ನ್ಯೂನತೆ ಮುಂತಾದವುಗಳ ಪರೀಕ್ಷೆ ನಡೆಸಿ ಮಾತಿನ ಚಿಕಿತ್ಸೆ, ಪಾಲಕರ ತರಬೇತಿ ನೀಡುತ್ತಾರೆ. ಇವರೂ, ವಾಕ್ ಚಿಕಿತ್ಸಕರೂ, ವಿಶೇಷ ಶಿಕ್ಷಕರೂ 1992ರ ಕಾಯಿದೆಯಡಿ ರಚಿತವಾದ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅಗೌರವವಲ್ಲ; ಅರ್ಹರಾದವರು ಸಂತೋಷದಿಂದ ತೋರಿಸುತ್ತಾರೆ. ಆಪ್ತಸಮಾಲೋಚಕರೆಂದು ಕರೆದುಕೊಳ್ಳುವವರಲ್ಲಿ ಎರಡು ವರ್ಷ ಶ್ರದ್ಧೆಯಿಂದ ಅಭ್ಯಾಸ ಮಾಡಿದವರೂ ಇದ್ದಾರೆ, ಕೆಲವು ವಾರಗಳ ತರಬೇತಿ ಮುಗಿಸಿ ಫಲಕ ಹಾಕಿದವರೂ ಇದ್ದಾರೆ.

ಒಳ್ಳೆಯ ಚಿಕಿತ್ಸಕರನ್ನು ಅವರ ಪ್ರಶ್ನೆಗಳಿಂದಲೇ ಗುರುತಿಸಬಹುದು. ಅವರು ಗರ್ಭಕಾಲದಿಂದ ಹಿಡಿದು ಮಗು ನಡೆದದ್ದು, ಮಾತು ಕಲಿತದ್ದು, ಶಾಲೆಯ ವರದಿ ಎಲ್ಲವನ್ನೂ ವಿಚಾರಿಸುತ್ತಾರೆ, ಮಗುವನ್ನು ಗಮನಿಸುತ್ತಾರೆ, ತೊಂದರೆಯ ಹೆಸರೇನು, ಮುಂದಿನ ಯೋಜನೆಯೇನು ಎಂಬುದನ್ನು ಕನ್ನಡದಲ್ಲಿ ಅರ್ಥವಾಗುವಂತೆ ಹೇಳುತ್ತಾರೆ, ಮನೆಗೆ ಕೆಲಸ ಕೊಡುತ್ತಾರೆ. ‘ಒಂದು ತಿಂಗಳಲ್ಲಿ ಪೂರ್ಣ ಗುಣ’ ಎಂದು ಖಾತರಿ ಕೊಡುವವರಿಂದ ದೂರವಿರಬೇಕು. ಮಿಡ್‌ಬ್ರೇನ್ ಆಕ್ಟಿವೇಷನ್ ಹೆಸರಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ತರಬೇತಿಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಆಟಿಸಂ ವಾಸಿಮಾಡುತ್ತೇವೆಂದು ಕಾಂಡಕೋಶ ಚಿಕಿತ್ಸೆಯ ಹೆಸರಿನಲ್ಲಿ ಹೊಲ ಮಾರಿಸುವವರನ್ನೂ ನಂಬಬಾರದು.

ತಾಯತ, ಅಂತ್ರ, ದೃಷ್ಟಿ ತೆಗೆಸುವುದು ಇವುಗಳ ವಿಷಯವನ್ನು ಮಠದ ಜಾಲತಾಣವೇ ಹೇಳದಿದ್ದರೆ ಹೇಗೆ? ಇಷ್ಟಲಿಂಗ ಪೂಜೆಯಲ್ಲಿ ಮನೆಮಂದಿ ಒಟ್ಟಿಗೆ ಕುಳಿತುಕೊಳ್ಳುವ ಹೊತ್ತು ಮಗುವಿನ ದಿನಕ್ಕೆ ಒಂದು ಕ್ರಮವನ್ನು ತರುತ್ತದೆ, ಅದು ಒಳ್ಳೆಯದೇ. ಗುರುಗಳ ಆಶೀರ್ವಾದ ಕೋರಿ ಬರುವುದೂ ಒಳ್ಳೆಯದೇ. ಆದರೆ ದೆವ್ವ ಬಿಡಿಸುವ ಹೆಸರಿನಲ್ಲಿ ಮಗುವನ್ನು ಹೊಡೆಯುವುದು, ಕಟ್ಟಿಹಾಕುವುದು, ಹೊಗೆ ಹಾಕುವುದು ಅಪರಾಧ. ಊರಿನಿಂದೂರಿಗೆ ಇಂತಹವರನ್ನು ಹುಡುಕಿಕೊಂಡು ಅಲೆದು ಎರಡು ಮೂರು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಬಂದರೆ, ಮಗುವಿನ ಬೆಳವಣಿಗೆಯಲ್ಲಿ ಹೋದ ಆ ವರ್ಷಗಳನ್ನು ಯಾವ ವೈದ್ಯರೂ ಮರಳಿ ಕೊಡಲಾರರು. ಮಾತು ತಡವಾದ ಮಗುವಿನ ವಿಷಯದಲ್ಲಂತೂ ಎರಡನೆಯ ವರ್ಷಕ್ಕೆ ಆರಂಭಿಸುವುದಕ್ಕೂ ಐದನೆಯ ವರ್ಷಕ್ಕೆ ಆರಂಭಿಸುವುದಕ್ಕೂ ಅಜಗಜಾಂತರವಿದೆ.

ಎಲ್ಲಿ ದೊರೆಯುತ್ತದೆ

ಎಲ್ಲಿಂದ ಆರಂಭಿಸಬೇಕೆಂದು ತೋಚದವರು 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಹತ್ತಿರದಲ್ಲಿ ಯಾವ ಸೌಲಭ್ಯವಿದೆ ಎಂಬುದನ್ನೂ ಅವರಿಂದ ಕೇಳಿ ತಿಳಿಯಬಹುದು.

ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ಈ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ತಜ್ಞರ ಪ್ರಯತ್ನದಿಂದ. ಬಳಿಕ ಅದು ದೇಶಕ್ಕೆಲ್ಲ ಹರಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಭೇಟಿ ನೀಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಶ್ರವಣದೋಷ, ಮಾತಿನ ವಿಳಂಬ, ಆಟಿಸಂ, ಕಲಿಕಾ ತೊಂದರೆ, ಅತಿಚಟುವಟಿಕೆ ಎಲ್ಲವೂ ಆ ತಪಾಸಣೆಯ ಪಟ್ಟಿಯಲ್ಲಿವೆ. ತಂಡ ಬಂದ ದಿನ ಮಗುವಿನ ವಿಷಯವನ್ನು ಬಾಯಿಬಿಟ್ಟು ಹೇಳಲು ಶಿಕ್ಷಕರನ್ನು ಕೇಳಿಕೊಳ್ಳಬೇಕು. ಸಾಲಿನಲ್ಲಿ ನಿಂತ ಮಗುವಿನ ಮುಖ ನೋಡಿ ಯಾರಿಗೂ ಇದು ತಿಳಿಯುವಂಥದ್ದಲ್ಲ.

ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ., ದಾವಣಗೆರೆಯ ಜೆ.ಜೆ.ಎಂ., ಬಾಗಲಕೋಟೆಯ ಎಸ್. ನಿಜಲಿಂಗಪ್ಪ, ಕಲಬುರಗಿಯ ಎಂ.ಆರ್. ವೈದ್ಯಕೀಯ ಕಾಲೇಜುಗಳನ್ನು ಭಕ್ತರು ಬಲ್ಲರು. ಹೃದಯಕ್ಕೂ ಹೆರಿಗೆಗೂ ಅಲ್ಲಿಗೆ ಹೋಗುವ ನಾವು ಮಗುವಿನ ಮನಸ್ಸಿಗಾಗಿಯೂ ಹೋಗಬಹುದು. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶದಲ್ಲಿಯೇ ಹೆಸರಾದುದು.

ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ದಾಖಲಾದ ಮಗುವಿನೊಡನೆ ಪಾಲಕರೂ ಇರುತ್ತಾರೆ. ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿ, ಗಂಡ-ಹೆಂಡಿರ, ಅತ್ತೆ-ಸೊಸೆಯರ, ತಂದೆ-ಮಕ್ಕಳ ನಡುವಿನ ಗಂಟುಗಳನ್ನು ಬಿಡಿಸಲು ನೆರವಾಗುವ ಕುಟುಂಬ ಮನೋವೈದ್ಯ ಕೇಂದ್ರವೂ ಅಲ್ಲಿದೆ. ಈ ಎರಡೂ ಸಂಸ್ಥೆಗಳನ್ನು ‘ಹುಚ್ಚಾಸ್ಪತ್ರೆ’ ಎಂದು ಕರೆಯುವ ಹಳೆಯ ಅಭ್ಯಾಸವನ್ನು ನಮ್ಮ ಹಿರಿಯರು ಬಿಡಬೇಕು. ಆ ಒಂದು ಶಬ್ದಕ್ಕೆ ಹೆದರಿ ‘ಮುಂದೆ ಅಕ್ಕನ ಮದುವೆಗೆ ಅಡ್ಡಿಯಾದೀತು’ ಎಂದು ತಮ್ಮನ ಚಿಕಿತ್ಸೆಯನ್ನು ಮುಂದೂಡಿದ ಮನೆಗಳು ಕಡಿಮೆಯಿಲ್ಲ. ‘ಒಳಗೆ ಸೇರಿಸಿ ಕರೆಂಟ್ ಕೊಡುತ್ತಾರೆ’ ಎಂಬ ಭಯವೂ ನಿರಾಧಾರ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಪ್ರಕಾರ ದಾಖಲಾದ ಮಗುವನ್ನು ವಯಸ್ಕರಿಂದ ಬೇರೆಯಾಗಿಯೇ ಇರಿಸಬೇಕು. ವಿದ್ಯುತ್ ಕಂಪನ ಚಿಕಿತ್ಸೆಯನ್ನು ಅಪ್ರಾಪ್ತ ವಯಸ್ಕರಿಗೆ ನೀಡುವಂತಿಲ್ಲ. ಅನಿವಾರ್ಯವೆಂದು ವೈದ್ಯರಿಗೆ ಕಂಡರೂ ಪಾಲಕರ ಒಪ್ಪಿಗೆ ಮತ್ತು ಕಾಯಿದೆಯಡಿ ರಚಿತವಾದ ಮಂಡಳಿಯ ಪೂರ್ವಾನುಮತಿ ಎರಡೂ ಬೇಕು.

ಔಷಧದ ವಿಷಯ ಚಿಕ್ಕದು. ಹಠಕ್ಕೆ ಮಾತ್ರೆಯಿಲ್ಲ. ಅತಿಚಟುವಟಿಕೆ ತೀವ್ರವಾಗಿದ್ದಾಗ, ಖಿನ್ನತೆ ಅಥವಾ ಮೂರ್ಛೆ ಇದ್ದಾಗ ಔಷಧ ಬಹಳ ಸಹಾಯ ಮಾಡುತ್ತದೆ. ಆರು ವರ್ಷದೊಳಗಿನ ಮಕ್ಕಳ ಅತಿಚಟುವಟಿಕೆಗೆ ಮೊದಲು ಪಾಲಕರ ತರಬೇತಿ, ಅದು ಸಾಲದಿದ್ದರೆ ಮಾತ್ರ ಔಷಧ ಎಂಬುದು ಒಪ್ಪಿತ ಕ್ರಮ. ಆರಂಭಿಸಿದ ಮಾತ್ರೆಯನ್ನು ಹೇಳದೆ ಕೇಳದೆ ನಿಲ್ಲಿಸಬಾರದು. ಪಕ್ಕದ ಮನೆಯವರ ಮಗುವಿನ ಚೀಟಿ ತೋರಿಸಿ ತರಬಾರದು.

ಮೊದಲ ಭೇಟಿಗೆ ಹೋಗುವ ಮುನ್ನ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಉಪಯುಕ್ತ: ರಂಪ ಯಾವಾಗ ಆಯಿತು, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ಯಾರು ಏನು ಮಾಡಿದರು. ಅದರೊಡನೆ ತಾಯಿ ಕಾರ್ಡು, ಶಾಲೆಯ ನೋಟ್‌ಬುಕ್ಕುಗಳು, ಶಿಕ್ಷಕರ ಒಂದು ಪತ್ರ, ಹಿಂದಿನ ಚೀಟಿಗಳು ಇರಲಿ. ಮಗುವಿಗೆ ‘ಸೂಜಿ ಚುಚ್ಚಿಸುತ್ತೇನೆ ನಡೆ’ ಎಂದಾಗಲಿ ‘ಸಿನಿಮಾಕ್ಕೆ ಹೋಗೋಣ’ ಎಂದಾಗಲಿ ಹೇಳಿ ಕರೆದೊಯ್ಯಬಾರದು. ‘ಮನೆಯಲ್ಲಿ ನಮಗೆಲ್ಲ ಜಗಳ ಹೆಚ್ಚಾಗಿದೆ, ಅದನ್ನು ಕಡಿಮೆ ಮಾಡುವುದು ಹೇಗೆಂದು ಕೇಳಿಬರೋಣ’ ಎಂದರೆ ಸಾಕು, ಅದು ಸತ್ಯವೂ ಹೌದು.

ವಸತಿನಿಲಯಕ್ಕೆ ಸೇರಿಸುವ ಮುನ್ನ

ಮಗ ಮಾತು ಕೇಳುವುದಿಲ್ಲ, ಮಠದ ಪ್ರಸಾದನಿಲಯಕ್ಕೆ ಸೇರಿಸಿದರೆ ಶಿಸ್ತು ಬಂದೀತು ಎಂಬ ಆಸೆಯಿಂದ ಅರ್ಜಿ ಹಾಕುವ ಪಾಲಕರು ಪ್ರತಿ ವರ್ಷವೂ ಇರುತ್ತಾರೆ. ಅವರ ನಂಬಿಕೆಗೆ ನಾವು ಋಣಿಗಳು. ಆದರೆ ಪ್ರಸಾದನಿಲಯಗಳು ಬಡಮಕ್ಕಳ ವಿದ್ಯೆಗಾಗಿ ಹುಟ್ಟಿದವು, ಅವು ಚಿಕಿತ್ಸಾಲಯಗಳಲ್ಲ. ನೂರಾರು ಮಕ್ಕಳ ನಡುವೆ ಒಬ್ಬರೋ ಇಬ್ಬರೋ ಮೇಲ್ವಿಚಾರಕರಿರುವಲ್ಲಿ ಓದಲು ಬಾರದ ಹುಡುಗನ ಗುಟ್ಟು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವ ಮಗುವಿನ ಅವಮಾನ ಇಮ್ಮಡಿಯಾಗುತ್ತದೆ. ರೂಢಿಗೆ ಹೊಂದಿಕೊಂಡು ಅಲ್ಲಿ ಚೆನ್ನಾಗಿರುವ ಹುಡುಗನೂ ದಸರಾ ರಜೆಗೆ ಮನೆಗೆ ಬಂದ ಎರಡನೆಯ ದಿನ ಹಳೆಯ ಸುಳಿಗೆ ಬೀಳುತ್ತಾನೆ, ಏಕೆಂದರೆ ಮನೆಯಲ್ಲಿ ಏನೂ ಬದಲಾಗಿರುವುದಿಲ್ಲ.

ಆದ್ದರಿಂದ ಇಂತಹ ಮಕ್ಕಳ ಪಾಲಕರಲ್ಲಿ ನಮ್ಮ ಕೋರಿಕೆ ಇದು. ಮೊದಲು ಒಮ್ಮೆ ತಜ್ಞರಿಗೆ ತೋರಿಸಿ, ನಂತರ ವಸತಿನಿಲಯದ ವಿಚಾರ ಮಾಡಿ. ದೂರದ ಹಳ್ಳಿ, ಶಾಲೆಯಿಲ್ಲದ ಊರು, ಬಡತನ ಮುಂತಾದ ಕಾರಣಗಳಿಂದ ಸೇರಿಸಲೇಬೇಕಾದಲ್ಲಿ, ತೊಂದರೆಯನ್ನು ಮುಚ್ಚಿಡದೆ ಅರ್ಜಿಯೊಡನೆ ವೈದ್ಯರ ಚೀಟಿಯ ಪ್ರತಿ ಇರಿಸಿ. ಮಾತ್ರೆ ಇದ್ದರೆ ಅದನ್ನು ಹುಡುಗನ ಟ್ರಂಕಿನಲ್ಲಿ ಬಚ್ಚಿಟ್ಟು ಕಳುಹಿಸದೆ, ಹೊತ್ತು ಮತ್ತು ಪ್ರಮಾಣವನ್ನು ಬರೆದು ಮೇಲ್ವಿಚಾರಕರ ಕೈಗೆ ಕೊಡಿ. ಮರುಭೇಟಿಯ ದಿನಾಂಕವನ್ನೂ ತಿಳಿಸಿ, ಆ ದಿನ ನೀವೇ ಬಂದು ಕರೆದೊಯ್ಯಿರಿ. ಸಾಧ್ಯವಾದರೆ ಹಿಂದಿರುಗುವಾಗ ಒಂದು ರಾತ್ರಿ ಮನೆಯಲ್ಲಿರಿಸಿಕೊಂಡು ಬಿಡಿ.